ತೂಕವಿಲ್ಲದ ಸರಕು, ತೂಕವುಳ್ಳ ಮಾತು

ಹುಬ್ಬಳ್ಳಿ-ಧಾರವಾಡಗಳ ನಡುವೆ ಸಂಚರಿಸುವ ಯಾರಿಗೂ ಅಮರಗೋಳವು ಅಪರಿಚಿತವಾದ ಊರಲ್ಲ. ಚಾಲುಕ್ಯರ ಕಾಲದ ಶಿಲ್ಪಕ್ಕೆ ಸಾಕ್ಷಿಯಾಗಿ ನಿಂತಿರುವ ಶಂಕರಲಿಂಗನ ಗುಡಿಯಿಂದ ಇತಿಹಾಸಪ್ರಿಯರಿಗೂ, ಹುಬ್ಬಳ್ಳಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ವಿಸ್ತಾರವಾದ ಪ್ರಾಂಗಣದಿಂದ ಒಕ್ಕಲಿಗರಿಗೂ ವ್ಯಾಪಾರಸ್ಥರಿಗೂ ಈ ಊರು ಬಲ್ಲದ್ದಾಗಿದೆ. ಆ ಪ್ರಾಂಗಣದಲ್ಲಿ ಒಂದು ಮುಂಜಾವು ನಿಂತು ನೋಡಿದವರಿಗೆ ವ್ಯಾಪಾರದ ಮೂಲತತ್ವವೇ ಕಣ್ಣಿಗೆ ಬೀಳುವದು. ಕೊಳ್ಳುವವನು ಚೀಲದೊಳಗೆ ಕೈಯಿಟ್ಟು ಹಿಡಿ ಕಾಳನ್ನು ತೆಗೆಯುವನು. ಅಂಗೈಯಲ್ಲಿ ತಿಕ್ಕಿ ನೋಡುವನು. ಮೆಣಸಿನಕಾಯಿಯನ್ನು ಮುರಿದು ಮೂಸುವನು. ಉಳ್ಳಾಗಡ್ಡಿಯನ್ನು ಒತ್ತಿ ಪರೀಕ್ಷಿಸುವನು. ದರದ ಮಾತು ಅದರ ತರುವಾಯ. ದರವನ್ನು ಗಣಕಯಂತ್ರದ ಮೂಲಕ ನಮೂದಿಸುವ ಪದ್ಧತಿ ಬಂದ ಮೇಲೆಯೂ ರಾಶಿಯನ್ನು ನೋಡುವ ಈ ರೂಢಿಗೆ ಅರ್ಥ ತಪ್ಪಿಲ್ಲ.

ಆದರೆ ಕೈಗೆ ಸಿಕ್ಕದ ಸರಕಿನದೇ ಒಂದು ಪೇಟೆ ಇಂದು ಜಗತ್ತಿನಲ್ಲಿ ಬೆಳೆದು ನಿಂತಿದೆ. ಅಲ್ಲಿಯ ಸೀರೆಗೆ ನೂಲಿಲ್ಲ, ಕುರ್ಚಿಗೆ ಕಟ್ಟಿಗೆಯಿಲ್ಲ, ಮನೆಗೆ ಇಟ್ಟಂಗಿಯಿಲ್ಲ. ಆದರೂ ಅವು ಬಿಕರಿಯಾಗುತ್ತವೆ, ಅವಕ್ಕೆ ನಿಜವಾದ ಹಣ ಸಲ್ಲುತ್ತದೆ. ಇಂಥ ಸರಕನ್ನು ನಿರ್ಮಿಸಿ ಮಾರಬಯಸುವ ತರುಣ-ತರುಣಿಯರು ನಮ್ಮ ನಾಡಿನಲ್ಲಿಯೂ ಮುಂದೆ ಬರುತ್ತಿರುವ ಈ ಸಮಯದಲ್ಲಿ, ಆ ವ್ಯಾಪಾರಕ್ಕೆ ಸಲ್ಲುವ ಧರ್ಮವಾವುದೆಂಬದನ್ನು ವಿಚಾರಿಸುವದು ಅಪ್ರಸ್ತುತವಾಗಲಾರದು. ಸರಕಿಗೆ ತೂಕವಿಲ್ಲದ ಪೇಟೆಯಲ್ಲಿ ಮಾರುವವನ ಮಾತಿಗೇ ಪೂರ್ತಿ ತೂಕವಿರಬೇಕಾಗುತ್ತದೆ. ಆ ಮಾತು ಕೆಟ್ಟರೆ ಕೆಡುವದು ಒಬ್ಬನ ಅಂಗಡಿ ಮಾತ್ರವಲ್ಲ, ಒಂದು ನಾಡಿನ ಹೆಸರು. ಇದೇ ನಮ್ಮ ಅಭಿಪ್ರಾಯದ ತಿರುಳು.

ಈ ಲೋಕವೆಂದರೇನು?

ಗಣಕಯಂತ್ರದೊಳಗೆ ಚಿತ್ರರೂಪವಾಗಿ ಕಟ್ಟಿದ ಊರು, ಬೀದಿ, ಮನೆ, ತೋಟಗಳ ಸಮುದಾಯಕ್ಕೆ ವರ್ಚುವಲ್ ಲೋಕವೆಂಬ ಹೆಸರು ಬಂದಿದೆ. ನಾವು ಕಲ್ಪಿತ ಲೋಕವೆಂದು ಕರೆಯಬಹುದು. ಅದರೊಳಗೆ ಹೋಗುವವನು ತನಗೊಂದು ರೂಪವನ್ನು ಧರಿಸಿಕೊಳ್ಳುತ್ತಾನೆ. ಆ ರೂಪಕ್ಕೆ ಪಾಶ್ಚಾತ್ಯರೂ ಅವತಾರವೆಂಬ ನಮ್ಮ ಶಬ್ದವನ್ನೇ ಬಳಸುತ್ತಿರುವದು ಸ್ವಾರಸ್ಯದ ಸಂಗತಿ. ಇಂಥ ಲೋಕಗಳಲ್ಲಿ ಹೆಸರಾದದ್ದು ಅಮೇರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ಲಿಂಡೆನ್ ಲ್ಯಾಬ್ ಎಂಬ ಕಂಪನಿಯು 2003ರಲ್ಲಿ ಸಾರ್ವಜನಿಕರಿಗೆ ತೆರೆದ ಸೆಕೆಂಡ್ ಲೈಫ್. ಅಲ್ಲಿಯ ಬಟ್ಟೆ, ಕೇಶಾಲಂಕಾರ, ಪೀಠೋಪಕರಣ, ಕಟ್ಟಡಗಳಲ್ಲಿ ಬಹುಭಾಗವನ್ನು ಕಂಪನಿಯು ಮಾಡಿದ್ದಲ್ಲ. ಅಲ್ಲಿಯ ನಿವಾಸಿಗಳೇ ಮಾಡಿ ಒಬ್ಬರಿಗೊಬ್ಬರು ಮಾರಿದ್ದು. ತಾವು ನಿರ್ಮಿಸಿದ ವಸ್ತುವಿನ ಬೌದ್ಧಿಕ ಹಕ್ಕು ನಿರ್ಮಾಪಕರಿಗೇ ಉಳಿಯುವದೆಂದು ಕಂಪನಿಯು 2003ರ ನವೆಂಬರದಲ್ಲಿ ಸಾರಿತು. ಲಿಂಡೆನ್ ಡಾಲರ್ ಎಂಬ ಅಲ್ಲಿಯ ನಾಣ್ಯವನ್ನು ನಿಜವಾದ ಡಾಲರಿಗೆ ಬದಲಿಸಿಕೊಳ್ಳುವ ಏರ್ಪಾಡೂ ಆಯಿತು. 2006ರಲ್ಲಿ ಆರಂಭವಾದ ರೋಬ್ಲಾಕ್ಸ್ ಎಂಬ ಮತ್ತೊಂದು ಲೋಕವು ಬಾಲಕರಲ್ಲಿ ವಿಶೇಷ ಪ್ರಚಾರವನ್ನು ಪಡೆದಿದೆ. ಆಟಗಳನ್ನು ರಚಿಸುವವರಿಗೆ ಬೇಕಾದ ಮರ, ಮನೆ, ಬಂಡಿಗಳ ಮಾದರಿಗಳನ್ನು ಮಾರುವ ಯೂನಿಟಿ ಅಸೆಟ್ ಸ್ಟೋರ್ ಎಂಬ ಪೇಟೆಯು 2010ರಲ್ಲಿ ತೆರೆಯಿತು.

ಇದೆಲ್ಲ ದೂರದ ಮಾತೆಂದು ಯಾರೂ ತಳ್ಳಿಬಿಡಬಾರದು. ಹುಬ್ಬಳ್ಳಿಯಲ್ಲಿ 1947ರಲ್ಲಿ ಹುಟ್ಟಿದ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ, ಧಾರವಾಡದಲ್ಲಿ 2016ರಿಂದ ಐ.ಐ.ಟಿ. ನಡೆದಿದೆ. ಗಣಕಯಂತ್ರದ ವಿದ್ಯೆಗೂ ಚಿತ್ರಕಲೆಗೂ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ. ಅಮರಗೋಳದ ಮನೆಯೊಂದರಲ್ಲಿ ಕುಳಿತ ತರುಣಿಯು ತನ್ನ ರಚನೆಯನ್ನು ಬರ್ಲಿನ್ನಿನ ಗಿರಾಕಿಗೆ ಮಾರಲು ಲಾರಿ ಬೇಡ, ರೈಲು ಬೇಡ, ಬಂದರು ಬೇಡ. ಬಂಡವಾಳ ಅಲ್ಪ. ಬೇಕಾದದ್ದು ಕೌಶಲ ಮತ್ತು ವಿಶ್ವಾಸ. ಕೌಶಲವನ್ನು ಶಾಲೆಗಳು ಕಲಿಸುತ್ತವೆ. ವಿಶ್ವಾಸವನ್ನು ಗಳಿಸುವ ರೀತಿಯನ್ನು ಕಲಿಸುವವರು ಯಾರು?

ಧಾರವಾಡದ ಅರಳೆಯ ಪಾಠ

ಕಾಣದ ಗಿರಾಕಿಗೆ ದೂರದಿಂದ ಸರಕು ಮಾರುವ ಪ್ರಸಂಗ ನಮ್ಮ ಜಿಲ್ಲೆಗೆ ಹೊಸದಲ್ಲ. ಆ ಅನುಭವವನ್ನು ನಾವು ಒಮ್ಮೆ ಬಹಳ ಕಹಿಯಾಗಿ ಪಡೆದಿದ್ದೇವೆ. 1840ರ ದಶಕದಲ್ಲಿ ಅಮೇರಿಕೆಯ ನ್ಯೂ ಆರ್ಲಿಯನ್ಸ್ ಬೀಜವನ್ನು ಧಾರವಾಡದ ಕರಿನೆಲದಲ್ಲಿ ಬಿತ್ತಿ ನೋಡಿದರು. ಭಾರತದ ಬೇರೆ ಹಲವೆಡೆ ಒಗ್ಗದ ಆ ಹತ್ತಿಯು ಇಲ್ಲಿ ಒಗ್ಗಿತು. ಇದರಿಂದ ‘ಧಾರವಾಡ-ಅಮೇರಿಕನ್’ ಎಂಬ ಹೆಸರು ಮುಂಬಯಿಯಲ್ಲಿಯೂ ಲಿವರ್‌ಪೂಲಿನಲ್ಲಿಯೂ ಪ್ರಸಿದ್ಧಿಗೆ ಬಂತು. ನಮ್ಮ ನಾಡಹತ್ತಿಯ ಅರಳೆಯಾದರೋ ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಹಡಗು ಏರುತ್ತಿದ್ದ ಕಾರಣ ‘ಕುಮಟಾ’ ಎಂಬ ಹೆಸರಿನಿಂದಲೇ ಪೇಟೆಯಲ್ಲಿ ನಡೆಯಿತು. ಲಿವರ್‌ಪೂಲಿನ ಕೊಳ್ಳುವವನು ಧಾರವಾಡವನ್ನು ಕಂಡವನಲ್ಲ, ಬೆಳೆದವನ ಮುಖವನ್ನು ನೋಡಿದವನಲ್ಲ. ಅವನು ಕೊಂಡದ್ದು ಒಂದು ಹೆಸರನ್ನು ನಂಬಿ.

1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ನಮ್ಮ ಅರಳೆಯ ದರ ಆಕಾಶಕ್ಕೇರಿತು. ದರದೊಡನೆ ದುರಾಶೆಯೂ ಏರಿತು. ಒಳ್ಳೆಯ ಅರಳೆಯಲ್ಲಿ ಕೆಟ್ಟದ್ದನ್ನು ಬೆರಸುವದು, ಅಮೇರಿಕನ್ ಜಾತಿಯಲ್ಲಿ ನಾಡಹತ್ತಿಯನ್ನು ಕೂಡಿಸುವದು, ಬೀಜ ಕಸಗಳಿಂದ ತೂಕ ಹೆಚ್ಚಿಸುವದು ಬೆಳೆಯಿತು. ಇಂಥ ಮೋಸವನ್ನು ದಂಡಿಸಲು ಮುಂಬಯಿ ಸರಕಾರವು 1829ರಷ್ಟು ಹಿಂದೆಯೇ ಒಂದು ರೆಗ್ಯುಲೇಶನ್ ಮಾಡಿದ್ದರೂ ಅದು ಸಾಲದೆ 1863ರಲ್ಲಿ ಹತ್ತಿಯ ಮೋಸದ ಕಾಯದೆಯನ್ನೇ ತರಬೇಕಾಯಿತು. ಬೆರಸಿದವರು ಕೆಲವರು, ಆದರೆ ಹೆಸರು ಜಿಲ್ಲೆಯದು. ಶುದ್ಧವಾದ ಅರಳೆಯನ್ನು ತಂದ ಪ್ರಾಮಾಣಿಕ ಒಕ್ಕಲಿಗನೂ ಆ ಸಂಶಯದ ದರಕ್ಕೇ ಮಾರಬೇಕಾಗುವದು ಇಂಥ ಮೋಸದ ಸಹಜ ಫಲ.

ಇನ್ನು ಊರ ಪೇಟೆಗಳಲ್ಲಿ ಮೋಸಹೋಗುವವನು ಒಕ್ಕಲಿಗನೇ. ದಲಾಲರು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಗುಪ್ತವಾಗಿ ದರ ಮುರಿಯುವ ಪದ್ಧತಿ, ಧರ್ಮಾದಾಯ ಮುಂತಾದ ನೂರೆಂಟು ವಟಾವು, ತಪ್ಪು ತಕ್ಕಡಿ - ಇವುಗಳ ವಿಷಯವಾಗಿ 1928ರ ರಾಯಲ್ ಕೃಷಿ ಕಮಿಶನ್ನಿನ ವರದಿಯು ಕಠಿಣವಾಗಿ ಬರೆದು, ನಿಯಂತ್ರಿತ ಪೇಟೆಗಳೇ ಬೇಕೆಂದಿತು. ಅದಕ್ಕೆ ಒಂದು ವರ್ಷ ಮುಂಚೆ, 1927ರಲ್ಲಿ, ಮುಂಬಯಿ ಪ್ರಾಂತಕ್ಕೆ ಹತ್ತಿಪೇಟೆಗಳ ಕಾಯದೆ ಬಂದಿತ್ತು. 1939ರಲ್ಲಿ ಉಳಿದ ಕೃಷಿ ಸರಕುಗಳಿಗೂ ಕಾಯದೆಯಾಯಿತು. ರಾಜ್ಯ ಏಕೀಕರಣದ ತರುವಾಯ 1966ರಲ್ಲಿ ನಮ್ಮದೇ ಕಾಯದೆಯಾಯಿತು. ಅಮರಗೋಳದ ಪ್ರಾಂಗಣವು ಈ ದೀರ್ಘ ಹೋರಾಟದ ಫಲ. ಬಹಿರಂಗ ದರ, ಸರಿಯಾದ ತೂಕ, ಕೈಗೆ ಪಾವತಿ, ತಕರಾರಿಗೆ ಪಂಚಾಯತಿ - ಈ ನಾಲ್ಕನ್ನು ಪಡೆಯಲು ನಮಗೆ ಸುಮಾರು ನೂರು ವರ್ಷ ಹಿಡಿಯಿತು.

ಕಲ್ಪಿತ ಲೋಕದ ಪೇಟೆಯು ಇನ್ನೂ ಆ 1860ರ ಸ್ಥಿತಿಗೆ ಸಮೀಪದಲ್ಲಿದೆ. ಕೊಳ್ಳುವವನು ದೂರ, ಸರಕು ಅಗೋಚರ, ಲಾಭದ ಆಸೆ ತೀವ್ರ. ಅಂಥಲ್ಲಿ ಪೇಟೆಯ ಕಟ್ಟುಪಾಡುಗಳನ್ನು ಮಾರುವವನು ತನಗೆ ತಾನೇ ವಿಧಿಸಿಕೊಳ್ಳಬೇಕು. ಅವು ಯಾವವೆಂಬದನ್ನು ಒಂದೊಂದಾಗಿ ನೋಡೋಣ.

ವರ್ಣನೆಯೂ ನಮೂನೆಯೂ

ಮೊದಲನೆಯದು, ವರ್ಣನೆಯ ಸತ್ಯ. ನಮ್ಮ ದೇಶದ 1930ರ ಸರಕು ಮಾರಾಟದ ಕಾಯದೆಯಲ್ಲಿ ಎರಡು ಸುಂದರ ತತ್ವಗಳಿವೆ: ವರ್ಣಿಸಿ ಮಾರಿದ ಸರಕು ವರ್ಣನೆಗೆ ಸರಿಯಾಗಿರಬೇಕು, ನಮೂನೆ ತೋರಿಸಿ ಮಾರಿದ ಸರಕಿನ ರಾಶಿಯು ನಮೂನೆಗೆ ಸರಿಯಾಗಿರಬೇಕು. ಕಲ್ಪಿತ ಲೋಕದ ಅಂಗಡಿಕಾರನಿಗೆ ಇವೆರಡೇ ಗಾಯತ್ರಿ. ಅಲ್ಲಿ ಉಡುಪೊಂದರ ಚಿತ್ರವನ್ನು ತಿದ್ದಿ ತೀಡಿ, ಅದರಲ್ಲಿಲ್ಲದ ಹೊಳಪನ್ನೂ ಮಡಿಕೆಯನ್ನೂ ತೋರಿಸುವದು ಅತಿ ಸುಲಭ. ಗಿರಾಕಿಯು ಹಣ ಕೊಟ್ಟು ಧರಿಸಿ ನೋಡಿದಾಗ ಆ ಹೊಳಪು ಕಾಣದಿದ್ದರೆ, ಅದು ಅರಳೆಯಲ್ಲಿ ಕಸ ಬೆರಸಿದ್ದಕ್ಕಿಂತ ಬೇರೆಯಲ್ಲ. ಆದುದರಿಂದ ಮಾರಾಟದ ಚಿತ್ರವು ಆ ಲೋಕದ ಸಾಧಾರಣ ಬೆಳಕಿನಲ್ಲಿ ತೆಗೆದದ್ದಾಗಿರಬೇಕು. ಹಿಂದು ಮುಂದು ಎರಡೂ ಕಾಣುವಂತಿರಬೇಕು. ಚಿತ್ರದಲ್ಲಿಯ ಯಾವ ವಸ್ತು ಸರಕಿನೊಡನೆ ಬರುವದು, ಯಾವುದು ಅಲಂಕಾರಕ್ಕೆ ಮಾತ್ರ ಇಟ್ಟದ್ದು ಎಂಬದನ್ನು ಸ್ಪಷ್ಟವಾಗಿ ಬರೆದಿರಬೇಕು.

ಅಳತೆಯ ಮಾತೂ ಹಾಗೆಯೇ. 2011ರ ತರುವಾಯ ಸೆಕೆಂಡ್ ಲೈಫಿನಲ್ಲಿ ಮೆಶ್ ಎಂಬ ಹೊಸ ರೀತಿಯ ರಚನೆ ಬಳಕೆಗೆ ಬಂತು. ಅದರಿಂದ ಬಟ್ಟೆಗಳು ಹೆಚ್ಚು ಅಂದವಾದವು. ಆದರೆ ಒಂದು ದೇಹದ ಮಾದರಿಗಾಗಿ ಹೊಲಿದದ್ದು ಇನ್ನೊಂದಕ್ಕೆ ಸರಿಹೊಂದದಾಯಿತು. ಯಾವ ಯಾವ ದೇಹಕ್ಕೆ ಹೊಂದುವದೆಂದು ಬರೆಯದೆ ಮಾರುವವನು, ಕುಪ್ಪಸದ ಅಳತೆ ಹೇಳದೆ ಮಾರುವ ಸಿಂಪಿಗನಂತೆ. ಕಟ್ಟಡ ಮತ್ತು ಪೀಠೋಪಕರಣಗಳಿಗೆ ಇನ್ನೊಂದು ಅಳತೆಯಿದೆ: ಅಲ್ಲಿಯ ಪ್ರತಿಯೊಂದು ನಿವೇಶನವು ಇಂತಿಷ್ಟೇ ಭಾರವನ್ನು ಹೊರಬಲ್ಲದೆಂಬ ಮಿತಿಯಿರುವದರಿಂದ, ವಸ್ತುವಿನ ಭಾರದ ಅಂಕಿಯನ್ನು ಹೇಳುವದು ಅವಶ್ಯ. ಅಂಕಿಯನ್ನು ಮುಚ್ಚಿ ಮಾರುವದು ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸಿದಂತೆ.

ಎರಡನೆಯದು, ನಮೂನೆ. ಈ ವಿಷಯದಲ್ಲಿ ಆ ಲೋಕದ ಒಳ್ಳೆಯ ಅಂಗಡಿಗಳು ಒಂದು ಶ್ಲಾಘ್ಯವಾದ ಸಂಪ್ರದಾಯವನ್ನು ಬೆಳೆಸಿವೆ. ಡೆಮೊ ಎಂಬ ಮಾದರಿಯನ್ನು ಅವರು ಪುಕ್ಕಟೆಯಾಗಿ ಇಲ್ಲವೆ ಅತ್ಯಲ್ಪ ಬೆಲೆಗೆ ಕೊಡುತ್ತಾರೆ. ಅದರ ಮೇಲೆ ದೊಡ್ಡ ಅಕ್ಷರದ ಗುರುತು ಇರುವದರಿಂದ ನಿತ್ಯದ ಉಪಯೋಗಕ್ಕೆ ಬಾರದು. ಆದರೆ ತೊಟ್ಟು ನೋಡಲು ಸಾಕು. ಅಂಗೈಯಲ್ಲಿ ಕಾಳು ತಿಕ್ಕಿ ನೋಡುವ ನಮ್ಮ ರೂಢಿಗೆ ಇದೇ ಸಮಾನವಾದದ್ದು. ಮಾದರಿಯನ್ನು ಕೊಡಲು ಅಂಜುವವನ ಸರಕಿನಲ್ಲಿ ಏನೋ ಊನವಿದೆಯೆಂದು ಗಿರಾಕಿಯು ತರ್ಕಿಸಿದರೆ ಅವನ ತಪ್ಪೇನು?

ಮೂರನೆಯದು, ಮಾರಿದ್ದೇನೆಂಬುದರ ಸ್ಪಷ್ಟತೆ. ಒಂದು ಚೀಲ ಕಡಲೆಯನ್ನು ಕೊಂಡವನು ಅದನ್ನು ತಿನ್ನಬಹುದು, ದಾನ ಮಾಡಬಹುದು, ಮರಳಿ ಮಾರಬಹುದು. ಕಲ್ಪಿತ ಸರಕಿನ ಹಾಗಲ್ಲ. ಸೆಕೆಂಡ್ ಲೈಫಿನಲ್ಲಿ ನಿರ್ಮಾಪಕನು ಮೂರು ಅನುಮತಿಗಳನ್ನು ಬೇರೆ ಬೇರೆಯಾಗಿ ಕೊಡಬಹುದು ಇಲ್ಲವೆ ತಡೆಯಬಹುದು: ಪ್ರತಿ ಮಾಡಿಕೊಳ್ಳುವದು, ತಿದ್ದಿಕೊಳ್ಳುವದು, ಇನ್ನೊಬ್ಬರಿಗೆ ವರ್ಗಾಯಿಸುವದು. ತಂಗಿಗೆ ಉಡುಗೊರೆ ಕೊಡಬೇಕೆಂದು ಕೊಂಡ ಒಡವೆಯು ವರ್ಗಾಯಿಸಲು ಬಾರದ್ದೆಂದು ಆ ಮೇಲೆ ತಿಳಿದರೆ ಗಿರಾಕಿಗೆ ಆಗುವ ನಿರಾಶೆಯನ್ನು ಹೇಳಬೇಕಾಗಿಲ್ಲ. ಯಾವ ಹಕ್ಕು ಕೊಟ್ಟಿದೆ, ಯಾವುದು ಕೊಟ್ಟಿಲ್ಲ ಎಂಬ ಮಾತು ಬೆಲೆಯ ಪಕ್ಕದಲ್ಲಿಯೇ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಇರತಕ್ಕದ್ದು.

ಬೆಲೆ, ಆಮಿಷ, ಮತ್ತು ಮಾರಿದ ಮೇಲಿನ ಹೊಣೆ

ಬೆಲೆಯ ವಿಷಯದಲ್ಲಿ ಈ ವ್ಯಾಪಾರಕ್ಕೆ ಒಂದು ವಿಚಿತ್ರ ಸಂಕಟವಿದೆ. ಮೊದಲನೆಯ ಸೀರೆಯನ್ನು ರಚಿಸಲು ತಿಂಗಳುಗಟ್ಟಲೆ ದುಡಿಮೆ ಹಿಡಿಯಬಹುದು. ಎರಡನೆಯದಕ್ಕೆ, ಸಾವಿರದೆಯದಕ್ಕೆ ಯಾವ ಖರ್ಚೂ ಇಲ್ಲ. ಆದುದರಿಂದ ನೆರೆಯ ಅಂಗಡಿಕಾರನಿಗಿಂತ ಕಡಿಮೆ, ಅವನಿಗಿಂತ ಇನ್ನೂ ಕಡಿಮೆ ಎಂದು ಬೆಲೆಯನ್ನು ಇಳಿಸುತ್ತ ಹೋಗುವ ಮೋಹ ಬಲವಾಗಿರುವದು. ಇದು ಆತ್ಮಘಾತ. ತನ್ನ ದುಡಿಮೆಯ ತಾಸುಗಳನ್ನೂ, ಪೇಟೆಯ ಒಡೆಯನಿಗೆ ಸಲ್ಲುವ ಕಮಿಶನ್ನನ್ನೂ, ಹಣ ಬದಲಿಸುವಾಗಿನ ವಟಾವನ್ನೂ ಲೆಕ್ಕ ಹಿಡಿದು ಬೆಲೆ ಕಟ್ಟಬೇಕು; ಕಟ್ಟಿದ ಬೆಲೆಯಲ್ಲಿ ಸ್ಥಿರವಾಗಿ ನಿಲ್ಲಬೇಕು. ಇಂದು ಕೊಂಡವನು ನಾಳೆ ಅದೇ ಸರಕು ಅರ್ಧ ಬೆಲೆಗೆ ಬಿಕರಿಯಾಗುವದನ್ನು ಕಂಡರೆ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಾರನು.

ಇನ್ನು ಆಮಿಷದ ಮಾತು. ಇದ್ದದ್ದು ನೂರೇ ಎಂದು ಸಾರಿ ನೂರಾ ಒಂದನೆಯದನ್ನು ಮಾರುವವನು ಮೊದಲಿನ ನೂರು ಜನರನ್ನು ವಂಚಿಸಿದಂತೆ. ಇನ್ನು ಹತ್ತೇ ನಿಮಿಷ ಉಳಿದಿದೆಯೆಂದು ಸುಳ್ಳು ಗಡಿಯಾರವನ್ನು ಓಡಿಸುವದೂ ಅಂಥದೇ. ಕೇಂದ್ರ ಸರಕಾರವು 2023ರ ನವೆಂಬರ 30ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ ಇಂಥ 13 ಕುಯುಕ್ತಿಗಳನ್ನು ಹೆಸರಿಸಿ ನಿಷೇಧಿಸಿದೆ. ಹುಸಿ ಅವಸರವನ್ನು ಹುಟ್ಟಿಸುವದೂ, ಕೇಳದ ಸರಕನ್ನು ಬುಟ್ಟಿಯಲ್ಲಿ ಸೇರಿಸುವದೂ, ಬೇಡವೆಂದವನನ್ನು ನಾಚಿಸುವದೂ ಅವುಗಳಲ್ಲಿ ಸೇರಿವೆ. ಕೊಳ್ಳುವವರಲ್ಲಿ ಮಕ್ಕಳೇ ಹೆಚ್ಚಾಗಿರುವ ಲೋಕಗಳಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. 1872ರ ಕರಾರು ಕಾಯದೆಯ ಮೇರೆಗೆ ಅಪ್ರಾಪ್ತವಯಸ್ಕನು ಕರಾರಿಗೆ ಯೋಗ್ಯನಲ್ಲ. ತಂದೆಯ ಹಣದಿಂದ, ತಂದೆಗೆ ತಿಳಿಯದೆ, ಹುಡುಗನೊಬ್ಬನು ಕೊಳ್ಳುವಂತೆ ಮಾಡುವ ವ್ಯಾಪಾರವು ಎಷ್ಟೇ ಲಾಭದಾಯಕವಾದರೂ ಗೌರವದ್ದಲ್ಲ.

ಮಾರಿದ ಕೂಡಲೆ ಸಂಬಂಧ ತೀರಿತೆಂದು ತಿಳಿಯುವದು ಸಂತೆಯ ಬುದ್ಧಿ, ಪೇಟೆಯ ಬುದ್ಧಿಯಲ್ಲ. ಸರಕು ದಾರಿಯಲ್ಲಿ ಕಳೆದುಹೋದರೆ ಲೆಕ್ಕ ನೋಡಿ ಮತ್ತೊಮ್ಮೆ ಕೊಡುವ ಏರ್ಪಾಡನ್ನು ಆ ಲೋಕದ ಪ್ರಾಮಾಣಿಕ ಅಂಗಡಿಗಳು ಇಟ್ಟುಕೊಂಡಿವೆ. ದೋಷ ಕಂಡರೆ ತಿದ್ದಿದ ಪ್ರತಿಯನ್ನು ಹಳೆಯ ಗಿರಾಕಿಗಳಿಗೂ ಕಳಿಸುವದು, ದೂರಿಗೆ ಇಂತಿಷ್ಟು ದಿನಗಳಲ್ಲಿ ಉತ್ತರ ಕೊಡುವೆನೆಂದು ಬರೆದು ಹಾಗೆಯೇ ನಡೆಯುವದು, ಬಹಿರಂಗವಾಗಿ ಬಂದ ಟೀಕೆಗೆ ಬಹಿರಂಗವಾಗಿಯೇ ಸೌಜನ್ಯದಿಂದ ಉತ್ತರಿಸುವದು - ಇವೆಲ್ಲ ಖರ್ಚಿಲ್ಲದ ಬಂಡವಾಳಗಳು. ಸ್ನೇಹಿತರಿಂದ ಹೊಗಳಿಕೆ ಬರೆಯಿಸುವದು ಮಾತ್ರ ಖರ್ಚಿಲ್ಲದ ದಿವಾಳಿ. 2019ರ ಗ್ರಾಹಕ ಸಂರಕ್ಷಣ ಕಾಯದೆಯ ಅಡಿಯಲ್ಲಿ 2020ರ ಜುಲೈದಲ್ಲಿ ಬಂದ ಇ-ವಾಣಿಜ್ಯ ನಿಯಮಗಳು ಡಿಜಿಟಲ್ ಸರಕಿಗೂ ಅನ್ವಯಿಸುತ್ತವೆ. ಮಾರುವವನು ಗ್ರಾಹಕನ ಸೋಗು ಹಾಕಿ ಮೆಚ್ಚಿಕೆ ಬರೆಯಕೂಡದು. ಹೇಳಿದಂತಿಲ್ಲದ ಸರಕನ್ನು ಮರಳಿ ಪಡೆದು ಹಣ ಕೊಡಲು ನಿರಾಕರಿಸಕೂಡದು ಎಂದು ಅವು ವಿಧಿಸಿವೆ. ನಮ್ಮ ತರುಣರು ಈ ನಿಯಮಗಳನ್ನು ದಂಡದ ಭಯದಿಂದಲ್ಲ, ಅಂಗಡಿಯ ಹೊಸಿಲಿನಂತೆ ಭಾವಿಸತಕ್ಕದ್ದು.

ಪರರ ಕೈಕೆಲಸದ ಗೌರವ

ಕಲ್ಪಿತ ಸರಕಿಗೆ ಕಳ್ಳತನವೂ ವಿಚಿತ್ರವಾದದ್ದು: ಕದ್ದ ಮೇಲೆಯೂ ಮೂಲವಸ್ತು ಒಡೆಯನಲ್ಲಿಯೇ ಉಳಿಯುವದು. 2006ರ ನವೆಂಬರದಲ್ಲಿ ಕಾಪಿಬಾಟ್ ಎಂಬ ಉಪಾಯವು ಸೆಕೆಂಡ್ ಲೈಫಿನಲ್ಲಿ ಹಬ್ಬಿ, ಯಾರ ರಚನೆಯನ್ನಾದರೂ ಅನುಮತಿಯಿಲ್ಲದೆ ನಕಲು ಮಾಡುವದು ಸಾಧ್ಯವಾಯಿತು. ಆಗ ಅಲ್ಲಿಯ ಅನೇಕ ಅಂಗಡಿಕಾರರು ಬಾಗಿಲು ಮುಚ್ಚಿ ಹರತಾಳ ಮಾಡಿದರು. ನಕಲು ಮಾಡಿದವರನ್ನು ಹೊರಗೆ ಹಾಕುವೆವೆಂದು ಕಂಪನಿಯು ಸಾರಬೇಕಾಯಿತು. ಸತ್ಯಾಗ್ರಹದ ಮರ್ಮವನ್ನು ಬಲ್ಲ ನಮಗೆ ಆ ಹರತಾಳದ ಅರ್ಥ ಬೇಗನೆ ತಿಳಿದೀತು. ತನ್ನ ಕೆಲಸಕ್ಕೆ ರಕ್ಷಣೆ ಬೇಕೆನ್ನುವವನು ಪರರ ಕೆಲಸವನ್ನು ಮುಟ್ಟಬಾರದು. ತನ್ನ ಕರಡುಗಳನ್ನೂ ತಾರೀಖುಗಳನ್ನೂ ಜೋಪಾನವಾಗಿಟ್ಟರೆ 1957ರ ಕೃತಿಸ್ವಾಮ್ಯ ಕಾಯದೆಯ ಆಶ್ರಯ ಅವನಿಗೂ ದೊರೆಯುವದು.

ಆದರೆ ನಮ್ಮ ಜಿಲ್ಲೆಗೆ ಇದಕ್ಕಿಂತ ಸಮೀಪದ ಪ್ರಶ್ನೆಯೊಂದಿದೆ. ಅದು ಕಸೂತಿಯದು. ಎಳೆಗಳನ್ನು ಎಣಿಸಿ, ಗಂಟು ಹಾಕದೆ, ಬಟ್ಟೆಯ ಎರಡೂ ಮಗ್ಗಲು ಒಂದೇ ಸಮನಾಗಿ ಕಾಣುವಂತೆ ಹಾಕುವ ಗವಂತಿ ಮತ್ತು ಮುರ್ಗಿ. ನೇಯ್ದಂತೆ ಕಾಣುವ ನೇಗಿ. ಮೆಂತ್ಯದ ಕಾಳನ್ನು ನೆನಪಿಗೆ ತರುವ ಮೆಂತೆ - ಈ ನಾಲ್ಕು ಬಗೆಯ ಹೊಲಿಗೆಯಿಂದ ಧಾರವಾಡದ ಹೆಣ್ಣುಮಕ್ಕಳು ಇಲಕಲ್ಲ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸೀ ವೃಂದಾವನಗಳನ್ನು ಮೂಡಿಸುತ್ತ ಬಂದಿದ್ದಾರೆ. ಚೌಕಟ್ಟಿನ ಎಣಿಕೆಯ ಮೇಲೆ ನಿಂತ ಈ ಕಲೆಯು ಗಣಕಯಂತ್ರದ ಚಿತ್ರಕ್ಕೆ ಎಷ್ಟು ಸಹಜವಾಗಿ ಹೊಂದುವದೆಂದರೆ, ಚೌಕುಳಿ ಕಾಗದದ ಮೇಲೆ ಅದನ್ನು ಒಮ್ಮೆ ಬರೆದವರಿಗೆ ಹೇಳಬೇಕಾದದ್ದಿಲ್ಲ. ನಾಳೆ ಕಲ್ಪಿತ ಲೋಕದಲ್ಲಿ ಅದು ಬಿಕರಿಯಾದರೆ ಯಾರಿಗೂ ಆಶ್ಚರ್ಯವಾಗದು.

ಕಸೂತಿಗೆ ಭೌಗೋಳಿಕ ಸೂಚಿಯ ನೋಂದಣಿ ದೊರೆತಿದೆ. ಆದರೆ 1999ರ ಆ ಕಾಯದೆಯು ಸರಕೆಂದರೆ ಬೆಳೆದದ್ದು, ನಿಸರ್ಗದಲ್ಲಿ ದೊರೆತದ್ದು, ತಯಾರಿಸಿದ್ದು, ಕೈಯಿಂದ ಮಾಡಿದ್ದು ಎಂದು ನೂಲು-ಬಟ್ಟೆಗಳನ್ನು ಕಣ್ಣಮುಂದಿಟ್ಟುಕೊಂಡು ಹೇಳಿದೆ; ಚಿತ್ರದ ಸೀರೆಯ ಕಲ್ಪನೆ ಅದಕ್ಕೆ ಇರಲಿಲ್ಲ. ಕಾಯದೆಯು ನಿಂತಲ್ಲಿ ಕರ್ತವ್ಯವು ನಿಲ್ಲಬಾರದು. ಯಂತ್ರದಲ್ಲಿ ರಚಿಸಿದ ವಿನ್ಯಾಸವನ್ನು ಕೈಯಿಂದ ಹಾಕಿದ ಕಸೂತಿಯೆಂದು ಹೇಳಬಾರದು. ಕಸೂತಿಯ ಮಾದರಿಯ ಚಿತ್ರವೆಂದು ಹೇಳಬೇಕು. ಯಾವ ನಾಡಿನ, ಯಾರ ಕಲೆಯೆಂಬ ಎರಡು ಸಾಲಿನ ಪರಿಚಯವನ್ನು ಸರಕಿನೊಡನೆ ಕೊಡಬೇಕು. ಬದುಕಿರುವ ಒಬ್ಬ ಕುಶಲಳ ಹೊಸ ವಿನ್ಯಾಸವನ್ನು ತೆಗೆದುಕೊಂಡರೆ ಅವಳ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ಪ್ರತಿ ಮಾರಾಟದಲ್ಲಿ ಅವಳಿಗೆ ಪಾಲು ಸಲ್ಲಿಸಬೇಕು. ಎಳೆ ಎಣಿಸಿ ಕಣ್ಣು ದಣಿದವಳಿಗೆ ಏನೂ ಸಲ್ಲದೆ, ಅವಳ ವಿನ್ಯಾಸದ ನೆರಳಿನಿಂದ ಇನ್ನೊಬ್ಬನು ಡಾಲರು ಎಣಿಸುವದಾದರೆ, ಆ ಇನ್ನೊಬ್ಬನು ನಮ್ಮ ಊರಿನವನಾದ ಮಾತ್ರಕ್ಕೆ ಅದು ಸ್ವದೇಶಿಯಾಗಲಾರದು.

ಹೆಸರನ್ನು ಕಾಯುವದು ಹೇಗೆಂಬದಕ್ಕೆ ಹುಬ್ಬಳ್ಳಿಯಲ್ಲಿಯೇ ಉಜ್ವಲವಾದ ನಿದರ್ಶನವಿದೆ. ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಮಾನಕ ಸಂಸ್ಥೆಯ ಕಟ್ಟುನಿಟ್ಟಿನ ಅಳತೆಗಳಿಗೆ ಒಳಪಟ್ಟು ಖಾದಿಯ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತ ಬಂದಿದೆ. ಆ ಧ್ವಜವನ್ನು ಹಾರಿಸುವವರಲ್ಲಿ ಬಹುಮಂದಿ ಬೆಂಗೇರಿಯನ್ನು ಕಂಡವರಲ್ಲ. ನೂಲಿನ ಎಣಿಕೆ, ಬಣ್ಣದ ಗಟ್ಟಿತನ, ಚಕ್ರದ ಅಳತೆ ಇವುಗಳಲ್ಲಿ ಎಳ್ಳಷ್ಟೂ ತಪ್ಪಿಲ್ಲವೆಂದು ಒಂದು ಮುದ್ರೆಯನ್ನು ನೋಡಿ ನಂಬುತ್ತಾರೆ. ಕಾಣದ ಗಿರಾಕಿಯ ನಂಬಿಕೆಯನ್ನು ಉಳಿಸಿಕೊಳ್ಳುವ ವಿದ್ಯೆ ನಮ್ಮ ಮನೆಯಂಗಳದಲ್ಲಿಯೇ ಇದೆ.

ಪೇಟೆಯ ಒಡೆಯನೂ ನಾವೂ

ಇಷ್ಟೆಲ್ಲ ನಡೆದುಕೊಂಡರೂ ಈ ವ್ಯಾಪಾರಕ್ಕೆ ಒಂದು ಮೂಲಭೂತ ಅಪಾಯವುಂಟು. ಅಮರಗೋಳದ ಪೇಟೆಗೆ ಕಾಯದೆಯಿದೆ, ಸಮಿತಿಯಿದೆ, ಮೇಲೆ ಸರಕಾರವಿದೆ. ಕಲ್ಪಿತ ಲೋಕದಲ್ಲಿ ಜಾಗದ ಒಡೆಯ, ಟಂಕಸಾಲೆಯ ಅಧಿಕಾರಿ, ಸುಂಕದ ಕಟ್ಟೆಯವನು, ನ್ಯಾಯಾಧೀಶ ಎಲ್ಲರೂ ಒಂದೇ ಕಂಪನಿ. ಅದು ಮುಚ್ಚಿದರೆ ಲೋಕವೇ ಮುಚ್ಚಿತು. ದೇರ್ ಎಂಬ ಲೋಕವು 2010ರ ಮಾರ್ಚಿನಲ್ಲಿ ಬಾಗಿಲು ಹಾಕಿತು. ಎರಡು ವರ್ಷಗಳ ತರುವಾಯ ಮರಳಿ ತೆರೆಯಿತೆಂಬದು ನಿಜ. ಸೋನಿ ಕಂಪನಿಯ ಪ್ಲೇಸ್ಟೇಶನ್ ಹೋಮ್ 2015ರ ಮಾರ್ಚ 31ರಂದು ಮುಚ್ಚಿದಾಗ, ಜನರು ಹಣ ತೆತ್ತು ಕೊಂಡ ಉಡುಪು ಮನೆಗಳೆಲ್ಲ ಅದರೊಡನೆಯೇ ಮಾಯವಾದವು. ಆದುದರಿಂದ ಮೂಲ ರಚನೆಗಳನ್ನು ತನ್ನ ಬಳಿ ಇಟ್ಟುಕೊಳ್ಳುವದು, ಒಂದೇ ಪೇಟೆಯನ್ನು ನೆಚ್ಚದಿರುವದು, ಗಳಿಕೆಯನ್ನು ಆ ಲೋಕದ ನಾಣ್ಯದಲ್ಲಿ ಕೂಡಿಸಿಡದೆ ಕಾಲಕಾಲಕ್ಕೆ ರೂಪಾಯಿಗೆ ಬದಲಿಸಿಕೊಳ್ಳುವದು, ಲೆಕ್ಕಪತ್ರ ಬರೆದು ಸರಕಾರದ ಕರವನ್ನು ಸಲ್ಲಿಸುವದು ವಿವೇಕ. ಗಿರಾಕಿಗೂ ಸರಕು ಶಾಶ್ವತವೆಂದು ಹೇಳಬಾರದು. ಲೋಕವಿರುವ ವರೆಗೆ ಮಾತ್ರ ಸರಕೆಂಬ ಸತ್ಯವನ್ನು ಹೇಳಿ ಮಾರಿದರೆ ಯಾರ ಶಾಪವೂ ತಟ್ಟದು.

ಒಬ್ಬೊಬ್ಬನೇ ನಿಂತ ಮಾರುವವನು ಇಂಥ ಕಂಪನಿಗಳ ಮುಂದೆ ದುರ್ಬಲ. ಹಿಂದೆ ಒಕ್ಕಲಿಗನೂ ಹೀಗೆಯೇ ದಲಾಲನ ಮುಂದೆ ನಿಂತಿದ್ದನು. ಸಂಘಶಕ್ತಿಯೇ ಅದಕ್ಕೆ ಮದ್ದು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿದ ಪ್ರದೇಶ ನಮ್ಮದು. ಹುಬ್ಬಳ್ಳಿ-ಧಾರವಾಡದ ಕಲ್ಪಿತ ಸರಕಿನ ನಿರ್ಮಾಪಕರು ಒಂದು ಸಂಘವನ್ನು ಕಟ್ಟಿ, ಮೇಲೆ ಹೇಳಿದ ನಿಯಮಗಳನ್ನು ಒಪ್ಪಿದವರಿಗೆ ಮಾತ್ರ ಒಂದು ಮುದ್ರೆಯನ್ನು ಕೊಡಲಿ. ತಪ್ಪಿದವರಿಂದ ಅದನ್ನು ಹಿಂದಕ್ಕೆ ಪಡೆಯಲಿ. ಕಸೂತಿಯ ಕುಶಲೆಯರೊಡನೆ ಪಾಲಿನ ಕರಾರನ್ನು ಆ ಸಂಘವೇ ಮಾಡಲಿ. ಕಾಲೇಜುಗಳು ಚಿತ್ರ ರಚಿಸುವದನ್ನು ಕಲಿಸುವಾಗ ಮಾರಾಟದ ಕಾಯದೆಯನ್ನೂ ಕೃತಿಸ್ವಾಮ್ಯವನ್ನೂ ನಾಲ್ಕು ಪಾಠಗಳಲ್ಲಿ ಹೇಳಿಕೊಡಲಿ. ಅಧಿಕಾರಿಗಳು ಇದನ್ನು ಹುಡುಗಾಟಿಕೆಯೆಂದು ನಗದೆ, ಕೈಮಗ್ಗಕ್ಕೂ ಕರಕುಶಲಕ್ಕೂ ಕೊಡುವ ಗಮನದ ಒಂದಂಶವನ್ನಾದರೂ ಇದಕ್ಕೆ ಕೊಡಲಿ.

ಧಾರವಾಡದ ಅರಳೆಯಲ್ಲಿ ಕಸ ಬೆರಸಿದ ಕಾಲದಲ್ಲಿ ನಾವು ಪರಾಧೀನರಾಗಿದ್ದೆವು; ನಮ್ಮ ಸರಕಿನ ಮರ್ಯಾದೆಯನ್ನು ಕಾಯಲು ಪರರು ಕಾಯದೆ ಮಾಡಿದರು. ಇಂದು ನಾವು ಸ್ವತಂತ್ರರು. ನಮ್ಮ ಹೆಸರಿನ ಕಾವಲು ನಮ್ಮದೇ. ಕನ್ನಡ ನಾಡಿನಿಂದ ಬಂದ ಸರಕೆಂದ ಕೂಡಲೆ ದೂರದ ಗಿರಾಕಿಯು ಮಾದರಿಯನ್ನೂ ಕೇಳದೆ ಕೊಳ್ಳುವ ದಿನವನ್ನು ತರುವದು ನಮ್ಮ ತರುಣರ ಕೈಯಲ್ಲಿದೆ. ಹಾಗೆ ನಂಬಿ ಬಂದವನಿಗೂ ಮಾದರಿಯನ್ನು ತೋರಿಸಿಯೇ ಕೊಡುವದು ಅವರ ಧರ್ಮ.